ಕರಿಯನಿಗೆ ಜೋಡಿ ಹುಡುಕಿದ್ದು

ಅಕ್ಕನನ್ನು ಕೊಟ್ಟ ಮನೆಯಲ್ಲಿ ಕಂಬಳದ ಕೋಣ ಇದ್ದರೆ, ಒಂದಲ್ಲ ಒಂದು ಫಜೀತಿ ಬಸ್ಸು ಹಿಡಿದು ನಮ್ಮ ಮನೆ ಬಾಗಿಲಿಗೆ ಬರುತ್ತಲೇ ಇರುತ್ತದೆ. ಬನ್ನಂಜೆಯಲ್ಲಿ ನನ್ನದು ಸಣ್ಣ ಟೈಲರ್ ಅಂಗಡಿ. ಬಟ್ಟೆ ಹೊಲಿಯುವವನಿಗೂ ಓಟದ ಕೋಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಭಾವನನ್ನು ಕೇಳಿದ್ದೆ. ಅವರು ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನೇ ನೋಡಿದರು. ಎಪ್ಪತ್ತರ ದಶಕದ ಕೊನೆಯ ಆ ವರ್ಷ, ಚೌತಿ ಹಬ್ಬದಿಂದ ಮೊದಲ ಕಂಬಳದವರೆಗೆ, ನನ್ನ ಅಂಗಡಿಯ ಬಾಗಿಲು ತೆರೆದಿದ್ದಕ್ಕಿಂತ ಹಾಕಿದ್ದೇ ಹೆಚ್ಚು.

ಅಳತೆ ಪುಸ್ತಕ

ಭಾವನ ಮನೆ ಕಾರ್ಕಳದಿಂದ ಬಜಗೋಳಿಗೆ ಹೋಗುವ ದಾರಿಯಲ್ಲಿ. ಅವರಿಗೆ ಇದ್ದದ್ದು ಎರಡೇ ಓಟದ ಕೋಣ. ಕಂಬಳದಲ್ಲಿ ಕೋಣಗಳು ಒಂದೇ ನೊಗಕ್ಕೆ ಜೋಡಿಯಾಗಿ ಓಡಬೇಕು. ಒಂದು ಎಡಗಡೆ, ಒಂದು ಬಲಗಡೆ. ಒಮ್ಮೆ ಒಂದು ಕಡೆಗೆ ಪಳಗಿದ ಕೋಣ ಇನ್ನೊಂದು ಕಡೆಗೆ ಸುಲಭಕ್ಕೆ ಹೋಗುವುದಿಲ್ಲ. ಕರಿಯ ಬಲಗಡೆಯವನು. ಆ ವರ್ಷದ ಮೊದಲ ಮಳೆಗೆ ಅವನ ಎಡಗಡೆಯ ಜೊತೆಗಾರ ಹಾವು ಕಚ್ಚಿ ಸತ್ತುಹೋದ. ಭಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಕೋಣ ಕಟ್ಟುವ ಹಟ್ಟಿಯ ಒಳಗೆ ಕಾಲಿಡುವುದನ್ನೇ ಬಿಟ್ಟರು. ಖಾಲಿ ಗೂಟವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಎನ್ನುತ್ತಿದ್ದರು. ಕರಿಯನನ್ನು ಕಟ್ಟುವುದು, ಹುಲ್ಲು ಹಾಕುವುದು, ಹುರುಳಿ ಬೇಯಿಸುವುದು ಎಲ್ಲ ಅಕ್ಕನ ಪಾಲಿಗೆ ಬಂತು.

ಅಕ್ಕ ಮಳೆಗಾಲವಿಡೀ ಸಹಿಸಿದಳು. ಚೌತಿಯ ಮರುದಿನ ನನ್ನೆದುರೇ ಭಾವನಿಗೆ ಹೇಳಿದಳು: "ಹಟ್ಟಿ ಸೋರಿ ಸೋರಿ ಕೆರೆ ಆಗಿದೆ. ಒಂಟಿ ಕೋಣವನ್ನು ಇಟ್ಟುಕೊಂಡು ಪೂಜೆ ಮಾಡಲಿಕ್ಕೆ ಉಂಟಾ? ಮೊದಲ ಕಂಬಳದಲ್ಲಿ ಒಂದು ಜೋಡಿ ನೆಟ್ಟಗೆ ಕೊನೆಯವರೆಗೆ ಓಡಿದರೆ ಸರಿ. ಗೆಲ್ಲುವುದೂ ಬೇಡ. ಓಡದಿದ್ದರೆ ಕರಿಯನನ್ನು ಮಾರಿ ಹೆಂಚು ಹಾಕಿಸುವುದು."

ಅಕ್ಕ ಹೇಳಿದರೆ ಹೇಳಿದ್ದೇ. ಭಾವನ ಹತ್ತಿರ ಇದ್ದ ಅಲ್ಪ ಹಣಕ್ಕೆ ಪಳಗಿದ ಕೋಣದ ಬಾಲವೂ ಸಿಗುವುದಿಲ್ಲ. ಎಳೆಯದೇ ಆಗಬೇಕು, ಮತ್ತು ಎತ್ತರದಲ್ಲಿ ಕರಿಯನಿಗೆ ಸಮ ಇರಬೇಕು. ಇಲ್ಲದಿದ್ದರೆ ನೊಗ ವಾಲುತ್ತದೆ. ಟೇಪಿನ ಕೆಲಸ ಅಲ್ಲಿ. ನಾನು ಕರಿಯನ ಎತ್ತರ, ಭುಜ, ಎದೆ ಎಲ್ಲ ಅಳೆದು ಅಂಗಡಿಯ ಅಳತೆ ಪುಸ್ತಕದಲ್ಲೇ ಬರೆದುಕೊಂಡೆ.

ಮರುದಿನ ಒಬ್ಬರು ಬ್ಯಾಂಕ್ ಆಫೀಸರು ಶರ್ಟಿನ ಅಳತೆ ಕೊಡಲು ಬಂದರು. ಅವರ ಎದೆ ಮೂವತ್ತಾರು ಎಂದು ಬರೆದೆ. ಅವರ ಕಣ್ಣು ಮೇಲಿನ ಸಾಲಿಗೆ ಹೋಯಿತು.

"ಎದೆ ಎಂಬತ್ತೆರಡು ಅಂತ ಉಂಟಲ್ಲ, ಇದು ಯಾರು?"

"ಭಾವನ ಮನೆಯವನು," ಎಂದೆ.

ಆಫೀಸರು ತಮ್ಮ ಎದೆಯನ್ನೊಮ್ಮೆ ನೋಡಿಕೊಂಡು, "ಊಟಕ್ಕೆ ಎಂತ ತೆಗೆದುಕೊಳ್ಳುತ್ತಾರೆ?" ಎಂದು ಕೇಳಿದರು.

"ಬೇಯಿಸಿದ ಹುರುಳಿ. ಎರಡು ಹೊತ್ತು."

ಮುಂದಿನ ವಾರ ಶರ್ಟು ಒಯ್ಯಲು ಬಂದವರು ಎದೆ ಸೆಟೆಸಿ ನಿಂತು, ಇನ್ನೊಮ್ಮೆ ಅಳೆಯಿರಿ, ನಾನೂ ಹುರುಳಿ ಶುರು ಮಾಡಿದ್ದೇನೆ ಎಂದರು.

ದೂರದ ಗದ್ದೆ

ಕಾರ್ಕಳದ ಆಚೆ ಒಂದು ದೊಡ್ಡ ಮನೆಯಲ್ಲಿ ಎಳೆಯ ಕೋಣ ಮಾರಾಟಕ್ಕೆ ಉಂಟು ಎಂದು ಸುದ್ದಿ ಬಂತು. ಭಾವ ಹೋದರೆ ಕೆಲಸ ಕೆಡುತ್ತಿತ್ತು. ಅವರ ಕರಿಯ ಒಂಟಿಯಾದದ್ದು, ಅಕ್ಕ ಗಡು ಕೊಟ್ಟದ್ದು ಊರಿಗೆಲ್ಲ ಗೊತ್ತು. ಗರಜು ಇದ್ದವನ ಮುಖ ಕಂಡ ಕೂಡಲೇ ಕ್ರಯ ಮೇಲೇರುತ್ತದೆ. ಹಾಗಾಗಿ ನಾನು ಉಳುವ ಕೋಣ ಹುಡುಕುವ ಬೇಸಾಯಗಾರನಂತೆ ಹೋಗುವುದು, ಭಾವ ಬಸ್‌ಸ್ಟಾಪಿನ ಮರದ ಹಿಂದೆ ನಿಲ್ಲುವುದು ಎಂದು ತೀರ್ಮಾನವಾಯಿತು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಹೆಗಲಿಗೆ ಬೈರಾಸು ಎಂಬ ಟವೆಲು ಹಾಕಿಕೊಂಡು ನಾನು ಅಂಗಳಕ್ಕೆ ಇಳಿದೆ.

ಮನೆಯ ಧನಿಗಳು ಚಾವಡಿಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. "ಕೋಣ ಎಂತಕ್ಕೆ?" ಎಂದು ಕೇಳಿದರು.

"ಉಳಲಿಕ್ಕೆ."

ಕೋಣವನ್ನು ತಂದು ನಿಲ್ಲಿಸಿದರು. ನಾನು ಭಾವ ಹೇಳಿಕೊಟ್ಟಂತೆ ಗೊರಸು ನೋಡಿದೆ, ಹಲ್ಲು ನೋಡಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗಾಬರಿಯಲ್ಲಿ ಬಾಯಿ ತಪ್ಪಿ, "ಒಮ್ಮೆ ಓಡಿಸಿ ತೋರಿಸುತ್ತೀರಾ?" ಎಂದುಬಿಟ್ಟೆ.

ಧನಿಗಳು ಜಗಿಯುವುದನ್ನು ನಿಲ್ಲಿಸಿದರು. "ಉಳುವ ಕೋಣ ಓಡಿ ಎಂತ ಆಗಬೇಕು ಮಾರಾಯ?"

"ನಮ್ಮ ಗದ್ದೆ ಸ್ವಲ್ಪ ದೂರ," ಎಂದೆ.

ಅವರು ನನ್ನ ಬೈರಾಸಿನ ಅಡಿಯಿಂದ ಇಣುಕುತ್ತಿದ್ದ ಟೇಪನ್ನು ನೋಡಿದರು. "ಆ ದೂರ ಅಳೆಯಲಿಕ್ಕೆ ತಂದದ್ದಾ ಅದು?" ಎಂದು ಕೇಳಿ ಒಳಗೆ ತಿರುಗಿ, "ಎರಡು ಲೋಟ ಮಜ್ಜಿಗೆ ತನ್ನಿ. ಒಂದು ಬಸ್‌ಸ್ಟಾಪಿಗೆ ಕಳಿಸಿ, ಇವರ ಭಾವ ಮರದ ಹಿಂದೆ ಬಿಸಿಲಿಗೆ ನಿಂತಿದ್ದಾರೆ," ಎಂದರು.

ಎದೆ ಬಡಿತ

ಮಣಿಪಾಲದ ಹಾಸ್ಟೆಲಿನ ಒಬ್ಬ ವಿದ್ಯಾರ್ಥಿ ನನ್ನಲ್ಲಿ ಪ್ಯಾಂಟು ಹೊಲಿಸುತ್ತಿದ್ದ. ಉತ್ತರದ ಕಡೆಯವನು, ಡಾಕ್ಟರಿಕೆಯ ಎರಡನೆಯ ವರ್ಷ. ಅಳತೆ ಕೊಡುತ್ತಾ ನಮ್ಮ ಕೋಣದ ಕಷ್ಟ, ಧನಿಗಳ ಕ್ರಯ ನಮಗೆ ಎಟಕದೆ ಹೋದದ್ದು ಎಲ್ಲ ಕೇಳಿ ಅವನ ಮುಖ ಅರಳಿತು. ಅವನ ಅಜ್ಜ ಪಂದ್ಯದ ಕುದುರೆಗಳ ಮರಿಗಳನ್ನು ಕೊಂಡು ಬೆಳೆಸುವವರಂತೆ. ಕಡಿಮೆ ದುಡ್ಡಿಗೆ ಎಳೆಯ ಪ್ರಾಣಿ ತೆಗೆದುಕೊಳ್ಳುವಾಗ ಮೈ ನೋಡಿ ಮರುಳಾಗಬಾರದು, ಎದೆ ಬಡಿತ ಕೇಳಬೇಕು, ನಾನೇ ಬರುತ್ತೇನೆ ಎಂದ. ನನ್ನ ಹರಕು ಹಿಂದಿಗೆ ಅರ್ಥವಾದದ್ದು ಇಷ್ಟು.

ಮಣಿಪಾಲದ ಗುಡ್ಡದ ಕೆಳಗೆ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣ ಇತ್ತು. ಎತ್ತರ ಕರಿಯನಿಗೆ ಸಮ, ಎಡಗಡೆಗೇ ಪಳಗುತ್ತಿದ್ದದ್ದು, ಕ್ರಯವೂ ನಮ್ಮ ಕೈಗೆ ಎಟಕುವಂಥದ್ದು. ಭಾವ ಹಿಂದಿನ ದಿನವೇ ಹೋಗಿ ಮಾತು ಮುಗಿಸಿದ್ದರು. ಹಣ ಕೊಡುವ ಮೊದಲು ವಿದ್ಯಾರ್ಥಿ ಒಮ್ಮೆ ನೋಡಲಿ ಎಂದು ಕರೆದುಕೊಂಡು ಹೋದೆವು. ಅವನು ಬಿಳಿ ಕೋಟು ಹಾಕಿಕೊಂಡೇ ಬಂದ. ಸ್ಟೆತೊಸ್ಕೋಪ್ ಕಿವಿಗೆ ಸಿಕ್ಕಿಸಿ ಕೋಣದ ಪಕ್ಕೆಗೆ ಒತ್ತಿ ಕಣ್ಣು ಮುಚ್ಚಿದ. ಭಾವ ಎರಡೂ ಕೈ ಜೋಡಿಸಿ ನಿಂತಿದ್ದರು. ಎರಡು ನಿಮಿಷ ಕಳೆದ ಮೇಲೆ ಅವನು ಕಣ್ಣು ತೆರೆದು, "ಫಸ್ಟ್ ಕ್ಲಾಸ್," ಎಂದ.

ಭಾವ ಸೊಂಟದಿಂದ ಹಣ ತೆಗೆದರು. ಅಜ್ಜಿ ಕೈ ಚಾಚಲಿಲ್ಲ.

"ನಿನ್ನೆಯ ಕ್ರಯ ನಿನ್ನೆಗೆ ಆಯಿತು," ಎಂದರು. "ಮಣಿಪಾಲದ ಡಾಕ್ಟ್ರೇ ನೋಡಿ ಒಳ್ಳೆಯದುಂಟು ಅಂದ ಮೇಲೆ ಅಷ್ಟಕ್ಕೆ ಕೊಡಲಿಕ್ಕೆ ಆಗುತ್ತದಾ?" ಕ್ರಯ ಒಂದೂವರೆಪಟ್ಟು ಆಯಿತು. ಭಾವ ಕಾಲು ಹಿಡಿಯುವುದೊಂದು ಬಾಕಿ. ಅಜ್ಜಿ ಜಗ್ಗಲಿಲ್ಲ.

ಬರಿಗೈಯಲ್ಲಿ ಗುಡ್ಡ ಹತ್ತುವಾಗ ಭಾವ ವಿದ್ಯಾರ್ಥಿಯ ಹೆಗಲ ಮೇಲೆ ಕೈ ಇಟ್ಟು, ಕೋಣ ಹೋದರೂ ಚಿಂತೆ ಇಲ್ಲ, ಅದರ ಎದೆ ಹೇಗೆ ಬಡಿಯುತ್ತಿತ್ತು, ಅಷ್ಟಾದರೂ ಹೇಳು ಎಂದು ಕೇಳಿದರು. ನಾನು ಹಿಂದಿಗೆ ತಿರುಗಿಸಿ ಕೇಳಿದೆ. ಅವನು ತಲೆ ತಗ್ಗಿಸಿ, ಏನೂ ಕೇಳಿಸಲಿಲ್ಲ, ಚರ್ಮ ಬಹಳ ದಪ್ಪ ಎಂದ.

ಕಾಪುವಿನ ಕಡಲು

ಕಾಪುವಿನಲ್ಲಿ ಒಬ್ಬರು ಬ್ಯಾರಿ ದಲ್ಲಾಳಿಗಳಿದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಮಕ್ಕಳೆಲ್ಲ ಗಲ್ಫಿನಲ್ಲಿ, ಮನೆಯಲ್ಲಿ ಕೂತರೆ ಬೇಸರ ಎಂದು ಕೋಣ, ಎತ್ತುಗಳ ವ್ಯಾಪಾರ ಬಿಟ್ಟಿರಲಿಲ್ಲ. ಮಾತು ನೇರ. ಕಂಬಳಕ್ಕೆ ಮೂರು ವಾರವೂ ಇರಲಿಲ್ಲ. ಭಾವ ನಿದ್ದೆಗೆಟ್ಟು ಕಣ್ಣು ಗುಳಿಬಿದ್ದು, ನೋಡಿದವರಿಗೇ ಕರುಣೆ ಬರುವಂತಾಗಿದ್ದರು.

"ಎಂಥದ್ದು ಬೇಕು?" ಎಂದು ಸಾಹೇಬರು ಕೇಳಿದರು.

"ನೀರು ಕಂಡರೆ ಹೆದರದೆ ಓಡುವಂಥದ್ದು," ಎಂದರು ಭಾವ. ಕಂಬಳದ ಗದ್ದೆಯಲ್ಲಿ ಮೊಣಕಾಲು ಮಟ್ಟದ ಕೆಸರು ನೀರು. ಕೆಲವು ಎಳೆಯ ಕೋಣಗಳು ಅದನ್ನು ಕಂಡು ಕಾಲು ಊರಿ ನಿಂತುಬಿಡುತ್ತವೆ.

ಸಾಹೇಬರು ನಮ್ಮನ್ನು ಕಡಲ ಬದಿಗೆ ಕರೆದುಕೊಂಡು ಹೋದರು. ಮರಳಿನಲ್ಲಿ ಕೋಣವನ್ನು ಬಿಟ್ಟರು. ಏನು ಓಟ ಅದು. ಭಾವ ನನ್ನ ಮೊಣಕೈಯನ್ನು ಎಷ್ಟು ಬಿಗಿ ಹಿಡಿದರೆಂದರೆ ಎರಡು ದಿನ ಕತ್ತರಿ ಆಡಿಸಲಾಗಲಿಲ್ಲ. ಕೋಣ ನೆಟ್ಟಗೆ ಓಡಿತು, ತೆರೆಗೆ ನುಗ್ಗಿತು, ತೆರೆಯನ್ನು ದಾಟಿತು, ಆಮೇಲೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಕೊಂಬು ಮಾತ್ರ ಕಾಣುತ್ತಿತ್ತು.

ಯಾರ ಕೋಣ ಎಂಬುದನ್ನೂ ನೋಡದೆ ಭಾವ ಕಡಲಿಗೆ ಹಾರಿದರು. ನನಗೆ ಈಜು ಬಾರದು. ತೆರೆಯ ಮಧ್ಯೆ ಅವರ ತಲೆ ಕಾಣುವುದು, ಮುಳುಗುವುದು. ಅಕ್ಕನಿಗೆ ಏನು ಹೇಳಲಿ ಎಂದು ನಾನು ಮರಳಿನಲ್ಲಿ ಅತ್ತಿಂದಿತ್ತ ಓಡಿದೆ. ಕೊನೆಗೆ ದೋಣಿಯವರು ಹೋಗಿ ಹಗ್ಗ ಹಾಕಿ ಕೋಣವನ್ನೂ ಭಾವನನ್ನೂ ಒಟ್ಟಿಗೆ ಎಳೆದು ತಂದರು. ಇಬ್ಬರೂ ಉಪ್ಪು ನೀರು ಕಕ್ಕುತ್ತಿದ್ದರು.

"ಸಾಹೇಬ್ರೇ, ಇದೆಂತ ಕೋಣ?" ಎಂದೆ.

"ನೀರಿಗೆ ಹೆದರದ್ದು ಬೇಕು ಅಂದದ್ದು ನೀವೇ ಅಲ್ವಾ?" ಎಂದರು ಅವರು. "ಹಿಂದೆ ಬರುವಂಥದ್ದು ಬೇಕು ಅಂತ ಹೇಳಿದ್ರಾ?"

ಬೈರಾಸಿನ ಅಡಿಯಲ್ಲಿ

ಆ ಸ್ನಾನಕ್ಕೆ ಭಾವನಿಗೆ ಜ್ವರ ಬಂತು. ಅಷ್ಟರಲ್ಲಿ ಸಾಹೇಬರಿಂದ ಇನ್ನೊಂದು ಕೋಣದ ಸುದ್ದಿ. ಭಾವ ಕಂಬಳಿಯ ಒಳಗಿಂದಲೇ ನನಗೆ ಹೇಳಿದರು: "ನೀನೇ ಹೋಗು. ಎರಡು ಸಾವಿರದ ಐನೂರರ ಮೇಲೆ ಹೋಗಬೇಡ. ಮತ್ತೆ, ಎಡಗಡೆಯದ್ದು ಮಾರಾಯ. ಎಡಗಡೆಯದ್ದು."

ಹೋದೆ. ಕಾಪುವಿನ ಹೊರಗೆ ಒಂದು ಗದ್ದೆಯ ಬದುವಿನಲ್ಲಿ ಸಾಹೇಬರು ನನ್ನನ್ನು ನಿಲ್ಲಿಸಿದರು. ಎಳೆಯ ಕೋಣವನ್ನು ಒಂದು ಹಳೆಯ ಕೋಣದ ಜೊತೆಗೆ ನೊಗಕ್ಕೆ ಕಟ್ಟಿ ನನ್ನ ಕಡೆಗೆ ಓಡಿಸಿದರು. ಚೆನ್ನಾಗಿಯೇ ಓಡಿತು. ಎಳೆಯದು ನನ್ನ ಎಡಗೈ ಕಡೆಗೆ ಇತ್ತು. ಅಳತೆ ಪುಸ್ತಕ ತೆಗೆದು ದೊಡ್ಡದಾಗಿ "ಎಡ" ಎಂದು ಬರೆದುಕೊಂಡೆ. ಟೇಪು ಹಿಡಿದು ನೋಡಿದರೆ ಎತ್ತರವೂ ಕರಿಯನದ್ದೇ.

ಇನ್ನು ಕ್ರಯ. ದನದ ವ್ಯಾಪಾರದಲ್ಲಿ ಅದನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಬೈರಾಸು ಹೊದಿಸಿ ಒಳಗೆ ಬೆರಳು ಹಿಡಿಯುತ್ತಾರೆ. ಎರಡು ಸಾವಿರ ಎಂಬುದು ಮೊದಲೇ ನಿಶ್ಚಯವಾಗಿತ್ತು. ಅದರ ಮೇಲೆ ಎಷ್ಟು ನೂರು ಎಂಬುದಕ್ಕೆ ಅಷ್ಟು ಬೆರಳು. ಭಾವನ ಪ್ರಕಾರ ಐದು ಬೆರಳಿನವರೆಗೆ ಒಪ್ಪಬಹುದು. ಆದರೆ ಹಿಂದಿನ ದಿನ ಹೊಲಿಗೆ ಯಂತ್ರದ ಸೂಜಿ ನನ್ನ ತೋರುಬೆರಳನ್ನು ತೂರಿಕೊಂಡು ಹೋಗಿತ್ತು. ಪಟ್ಟಿ ಕಟ್ಟಿಕೊಂಡು ಬಂದಿದ್ದೆ.

ಸಾಹೇಬರು ಐದೂ ಬೆರಳು ಹಿಡಿದು ಅಮುಕಿದರು. ನನಗೆ ಹಗಲಲ್ಲೇ ನಕ್ಷತ್ರ ಕಂಡವು. ಮುಖ ಕಿವುಚಿ ಕೈ ಎಳೆದುಕೊಂಡೆ. "ಅಷ್ಟು ಸಿಟ್ಟಾ?" ಎಂದು ಅವರು ನಾಲ್ಕು ಹಿಡಿದರು. ತೋರುಬೆರಳು ಅದರಲ್ಲೂ ಇತ್ತು. ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದೆ. ಮೂರು ಹಿಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಸಾಹೇಬರು ನನ್ನ ಮುಖವನ್ನೇ ನೋಡಿದರು, ಪಾಪ ಎನಿಸಿರಬೇಕು, ಎರಡಕ್ಕೆ ಇಳಿದರು. ಅದರಲ್ಲೂ ಅದೇ ಬೆರಳು. ನಾನು ನರಳಿಯೇ ಬಿಟ್ಟೆ. ಅವರು ದೀರ್ಘ ಉಸಿರು ಬಿಟ್ಟು ಕೊನೆಗೆ ನನ್ನ ಕಿರುಬೆರಳೊಂದನ್ನೇ ಹಿಡಿದರು. ನೋವಿಲ್ಲ. "ಅಬ್ಬ," ಎಂದು ನಾನು ಮುಗುಳ್ನಕ್ಕೆ. ವ್ಯಾಪಾರ ಮುಗಿಯಿತು.

"ಮೂವತ್ತು ವರ್ಷ ಆಯಿತು ನಾನು ಬೆರಳು ಹಿಡಿಯಲಿಕ್ಕೆ ಸುರು ಮಾಡಿ," ಎಂದರು ಸಾಹೇಬರು ಬೈರಾಸು ಕೊಡವುತ್ತಾ. "ಇಷ್ಟು ಗಟ್ಟಿ ಆಸಾಮಿ ಸಿಕ್ಕಲಿಲ್ಲ. ಟೈಲರ್ರೇ, ಆ ಅಂಗಡಿ ಮುಚ್ಚಿ ನನ್ನೊಟ್ಟಿಗೆ ಬನ್ನಿ."

ಎರಡು ಬಲತೋಳು

ಭಾವನ ಜ್ವರ ಕೋಣವನ್ನು ಕಂಡೇ ಇಳಿಯಿತು. ನಾನು ಉಳಿಸಿ ತಂದ ನಾನೂರು ರೂಪಾಯಿಯನ್ನು ಮುಂದಿನ ವರ್ಷದ ಹುರುಳಿಗೆ ಎಂದು ಪೆಟ್ಟಿಗೆಯಲ್ಲಿಟ್ಟರು. ಹೊಸ ಕೋಣಕ್ಕೆ ಸಣ್ಣವ ಎಂದು ಹೆಸರಿಟ್ಟರು. ಮರುದಿನ ಗದ್ದೆಯಲ್ಲಿ ಕರಿಯನನ್ನು ಬಲಕ್ಕೆ, ಸಣ್ಣವನನ್ನು ಎಡಕ್ಕೆ ಕಟ್ಟಲು ಹೋದರು. ಸಣ್ಣವ ಶಾಂತವಾಗಿ ಕರಿಯನ ಹಿಂದಿನಿಂದ ಸುತ್ತು ಹಾಕಿ ಬಂದು ಬಲಕ್ಕೆ ನಿಂತ. ತಿರುಗಿ ಎಡಕ್ಕೆ ತಂದರು. ಮತ್ತೆ ಸುತ್ತಿ ಬಲಕ್ಕೆ ಬಂದ. ಜಗಳವಿಲ್ಲ, ಒದೆತವಿಲ್ಲ.

ಭಾವ ನನ್ನ ಕಡೆ ತಿರುಗಿದರು. "ನೀನು ನೋಡಿದಾಗ ಇವ ಯಾವ ಕಡೆ ಇದ್ದ?"

"ಎಡ," ಎಂದು ಪುಸ್ತಕ ತೋರಿಸಿದೆ.

"ನೀನು ಎಲ್ಲಿ ನಿಂತಿದ್ದೆ?"

"ಎದುರು."

ಹೇಳುವಾಗಲೇ ನನಗೆ ಹೊಳೆಯಿತು. ಎದುರು ನಿಂತವರ ಬಲಗೈ ನನ್ನ ಎಡಕ್ಕೆ ಬರುತ್ತದೆ. ಹದಿನೈದು ವರ್ಷ ಗಿರಾಕಿಗಳ ಎದುರು ನಿಂತು ತೋಳಿನ ಅಳತೆ ತೆಗೆದವನಿಗೆ ಇದು ಗೊತ್ತಿಲ್ಲದ್ದಲ್ಲ. ಒಬ್ಬರ ಅಂಗಿಗೂ ನಾನು ಎರಡು ಬಲತೋಳು ಹೊಲಿದು ಕೊಟ್ಟವನಲ್ಲ. ಆದರೆ ಅಂದು ಎದುರು ಬರುತ್ತಿದ್ದದ್ದು ಕೋಣ. ಅದಕ್ಕೂ ನನ್ನ ಗಿರಾಕಿಗಳ ಲೆಕ್ಕವೇ ಹಿಡಿಯಬೇಕೆಂದು ನನಗೆ ತೋಚಲಿಲ್ಲ.

ಭಾವ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಸುಮ್ಮನೆ ಬದುವಿನ ಮೇಲೆ ಕೂತರು. ಕಂಬಳಕ್ಕೆ ಉಳಿದದ್ದು ಹನ್ನೆರಡು ದಿನ. ನಾನು ಅಂಗಡಿಗೆ ಬೀಗ ಹಾಕಿ ಅಲ್ಲೇ ಉಳಿದೆ. ದಿನಾ ಬೆಳಿಗ್ಗೆ ಭಾವ ಸಣ್ಣವನನ್ನು ಎಡಕ್ಕೆ ಎಳೆಯುವುದು, ಅವನು ಬಲಕ್ಕೆ ಬರುವುದು. ಬೆಲ್ಲ ಕೊಟ್ಟಾಯಿತು, ಗದರಿದ್ದಾಯಿತು. ಎಂಟು ದಿನ ಹೀಗೇ ಹೋಯಿತು. ಎಂಟನೆಯ ದಿನ ಭಾವ ಕರಿಯನ ಕುತ್ತಿಗೆಗೆ ಹಣೆ ಇಟ್ಟು ಅತ್ತರು. ನನಗೂ ಅಳು ಬಂತು, ತಪ್ಪು ನನ್ನದಲ್ಲವೇ? ಸಮಾಧಾನ ಮಾಡಲು ಹತ್ತಿರ ಹೋದೆ.

"ನೀನು ಎದುರು ಬರಬೇಡ," ಎಂದರು ಭಾವ. "ಹಿಂದಿನಿಂದ ಬಾ."

ಹೆಂಚು

ಅಂದು ಮಧ್ಯಾಹ್ನ ಅಕ್ಕ ಊಟ ಬಡಿಸುತ್ತಾ ಕೇಳಿದಳು: "ಗದ್ದೆಯಲ್ಲಿ ಎಂತ ದಿನಾ ಗಲಾಟೆ? ಹಟ್ಟಿಯಲ್ಲಿ ಇಬ್ಬರೂ ಎಷ್ಟು ಚಂದ ನಿಲ್ಲುತ್ತಾರೆ."

"ಹೇಗೆ ನಿಲ್ಲುತ್ತಾರೆ?" ಎಂದರು ಭಾವ.

"ಹೇಗೆಂದರೆ? ನೋಡಬೇಕಾದರೆ ಹಟ್ಟಿಗೆ ಬರಬೇಕು."

ಭಾವ ಕೈ ತೊಳೆಯದೆ ಎದ್ದರು. ಎಷ್ಟೋ ತಿಂಗಳ ಮೇಲೆ ಹಟ್ಟಿಯ ಒಳಗೆ ಕಾಲಿಟ್ಟರು. ಎರಡೂ ಕೋಣಗಳು ಗೋಡೆಯ ಕಡೆ ಮುಖ ಮಾಡಿ ಹುಲ್ಲು ತಿನ್ನುತ್ತಿದ್ದವು. ಸಣ್ಣವ ಬಲಗಡೆಯ ಗೂಟಕ್ಕೆ. ಕರಿಯ ಎಡಗಡೆಯ ಗೂಟಕ್ಕೆ. ಈ ಸಲ ನಾನು ಬಾಲದ ಕಡೆಯಿಂದಲೇ ನೋಡಿದೆ. ಎರಡು ಸಲ ನೋಡಿದೆ.

"ಕರಿಯ ಎಡಕ್ಕೆ ಯಾವಾಗ ಬಂದ?" ಎಂದು ಭಾವ ಕೇಳಿದರು.

"ಮಳೆ ಸುರುವಾದಾಗಿನಿಂದ. ಬಲಗಡೆ ಸೋರುವುದಲ್ಲವಾ? ಅಲ್ಲಿ ಕಟ್ಟಿದರೆ ಅವನ ಬೆನ್ನ ಮೇಲೆಯೇ ನೀರು. ಸತ್ತವನ ಗೂಟ ಹೇಗೂ ಖಾಲಿ ಉಂಟು ಅಂತ ಎಡಕ್ಕೆ ಕಟ್ಟಿದೆ. ಎರಡು ದಿನ ತಕರಾರು ಮಾಡಿದ. ಈಗ ಬಲಕ್ಕೆ ಕರೆದರೂ ಹೋಗುವುದಿಲ್ಲ."

ನಾವು ಊಟ ಅರ್ಧಕ್ಕೆ ಬಿಟ್ಟು ಗದ್ದೆಗೆ ಓಡಿದೆವು. ಕರಿಯನನ್ನು ಎಡಕ್ಕೆ, ಸಣ್ಣವನನ್ನು ಬಲಕ್ಕೆ ಕಟ್ಟಿದರು. ಇಬ್ಬರೂ ಎಷ್ಟೋ ವರ್ಷದ ಪರಿಚಯದವರಂತೆ ಹೆಜ್ಜೆ ಹಾಕಿದರು.

ಕಂಬಳದ ದಿನ ಭಾವನೇ ಹಗ್ಗ ಹಿಡಿದು ಹಿಂದೆ ಓಡಿದರು. ಯಾವತ್ತೂ ಬಾರದ ಅಕ್ಕ ಅಂದು ಬದುವಿನ ಮೇಲೆ ಬಂದು ನಿಂತಿದ್ದಳು. ಅರ್ಧ ದಾರಿಯಲ್ಲಿ ಸಣ್ಣವ ಒಮ್ಮೆ ತಲೆ ತಿರುಗಿಸಿದ. ಅಕ್ಕ ನನ್ನ ಬೈರಾಸನ್ನು ಹಿಡಿದು ಎಳೆದಳು. ಕರಿಯ ನೊಗವನ್ನು ತನ್ನ ಕಡೆಗೆ ಜಗ್ಗಿದ, ಸಣ್ಣವ ಸರಿಯಾದ. ಜೋಡಿ ನೆಟ್ಟಗೆ ಕೊನೆಯವರೆಗೆ ಹೋಯಿತು. ಮೊದಲ ಓಟ ಗೆದ್ದೆವು, ಎರಡನೆಯದರಲ್ಲಿ ಸೋತೆವು. ಗೆಲ್ಲುವುದೂ ಬೇಡ ಎಂದಿದ್ದವಳು ಸೋತದ್ದಕ್ಕೆ ಮನೆಯವರೆಗೆ ಗೊಣಗುತ್ತಾ ಬಂದಳು. ಕರಿಯ ಉಳಿದ.

ಹೆಂಚಿನ ವಿಷಯ ಎದ್ದದ್ದು ಬೇಸಿಗೆಯಲ್ಲಿ. ಪೆಟ್ಟಿಗೆಯ ನಾನೂರು ರೂಪಾಯಿ ತೆಗೆದು ಹಟ್ಟಿಗೆ ಹೆಂಚು ತನ್ನಿ ಎಂದಳು ಅಕ್ಕ. ಭಾವ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಅವರು ಆ ಸೋರುವ ಜಾಗಕ್ಕೆ ಕೈ ಮುಗಿಯುವ ಹಂತಕ್ಕೆ ಬಂದಿದ್ದರು. ಊರಿನವರು ಕೋಣ ಪಳಗಿಸುವ ಗುಟ್ಟು ಕೇಳಿದರೆ, ಹಟ್ಟಿಯಲ್ಲಿ ಬೇಡದ ಕಡೆ ಎರಡು ಹೆಂಚು ತೆಗೆಯಿರಿ ಎಂದು ಗಂಭೀರವಾಗಿ ಹೇಳುತ್ತಿದ್ದರು.

"ಅದು ನಮ್ಮ ಅದೃಷ್ಟದ ಸೋರಿಕೆ," ಎಂದರು ಅಕ್ಕನಿಗೆ. "ಅದು ಇದ್ದದ್ದಕ್ಕೆ ಕರಿಯ ಎಡಕ್ಕೆ ಬಂದದ್ದು. ಅದನ್ನು ಮುಟ್ಟಬಾರದು."

ಅಕ್ಕ ವಾದ ಮಾಡಲಿಲ್ಲ. ಅಕ್ಕಿ ಆರಿಸುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು: "ಸರಿ. ಈಗ ಆ ಬಲಗಡೆಯ ಗೂಟದಲ್ಲಿ ಯಾರಿದ್ದಾರೆ?"

"ಸಣ್ಣವ."

"ಬರುವ ಮಳೆಗೆ ನೀರು ಯಾರ ಬೆನ್ನ ಮೇಲೆ ಬೀಳುವುದು?"

"ಸಣ್ಣವನ..."

ಭಾವನ ಮುಖ ನೋಡಿದೆ. ಎರಡು ಎಡಗಡೆಯ ಕೋಣಗಳು ಅವರ ಕಣ್ಣೆದುರು ಬಂದು ನಿಂತಿದ್ದವು. ಆ ಸಂಜೆ ಕಾರ್ಕಳದಿಂದ ಬಂದ ಲಾರಿಯಲ್ಲಿ ಹೆಂಚಿನ ರಾಶಿಯ ಮೇಲೆ ಭಾವನೇ ಕೂತಿದ್ದರು. ಮಳೆಗೆ ಇನ್ನೂ ಎರಡು ತಿಂಗಳಿತ್ತು. ಆದರೂ ಅವರು ದಾರಿಯುದ್ದಕ್ಕೂ ಆಕಾಶ ನೋಡುತ್ತಾ, ಬೇಗ ಬಿಡು ಮಾರಾಯ ಎಂದು ಡ್ರೈವರನನ್ನು ಅವಸರಿಸುತ್ತಿದ್ದರಂತೆ.